ಚಳಿಗಾಲದ ವಿಮಾನ ಪ್ರಯಾಣ: ಭದ್ರತಾ ತಪಾಸಣೆಯಲ್ಲಿ ತಡೆಯಾಗದಂತೆ ಬ್ಯಾಗು ಕಟ್ಟುವ ಮತ್ತು ಬಟ್ಟೆ ತೊಡುವ ಕ್ರಮ

ಡಿಸೆಂಬರ್ ಮತ್ತು ಜನವರಿಯಲ್ಲಿ ಮುಂಬೈ, ಪುಣೆ, ಗೋವಾಗಳಿಂದ ಕಾಶಿಗೆ, ದೆಹಲಿಗೆ, ಶ್ರೀನಗರಕ್ಕೆ ಅಥವಾ ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೊರಡುವ ನಮ್ಮ ಜನ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಪ್ರತಿ ವರ್ಷವೂ ಒಂದೇ ಬಗೆಯ ತಪ್ಪುಗಳಿಂದ ತೊಂದರೆಗೆ ಸಿಲುಕುತ್ತಾರೆ. ಜಾಕೆಟ್ಟಿನ ಜೇಬುಗಳ ತುಂಬ ಸಾಮಾನು, ಚೆಕ್-ಇನ್ ಬ್ಯಾಗಿನ (ಕೌಂಟರಿನಲ್ಲಿ ಕೊಟ್ಟು ಕಳಿಸುವ ಬ್ಯಾಗಿನ) ತಳದಲ್ಲಿ ಪವರ್ ಬ್ಯಾಂಕ್, ಕೈಚೀಲದಲ್ಲಿ ಉಪ್ಪಿನಕಾಯಿ ಮತ್ತು ಕೊಬ್ಬರಿ: ಈ ಮೂರರಲ್ಲಿ ಒಂದಾದರೂ ಇಲ್ಲದ ಕುಟುಂಬವನ್ನು ನಾನು ಕಂಡಿದ್ದು ಕಡಿಮೆ. ಡೊಂಬಿವಲಿಯ ನಮ್ಮ ಕಟ್ಟಡದ ಹಿರಿಯರಿಗೆ ಬ್ಯಾಗು ಕಟ್ಟಿಕೊಡುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಏನೇನು ಒಯ್ಯಬಾರದು ಎಂದು ಹೇಳಿಕೊಟ್ಟ ಮೇಲೂ ಅವರು ತಪಾಸಣೆಯಲ್ಲಿ ತೊಡರುವುದನ್ನು ಕಂಡಾಗ, ಕೊರತೆಯಿರುವುದು ತಿಳಿವಳಿಕೆಯಲ್ಲಲ್ಲ, ಕೆಲಸದ ಕ್ರಮದಲ್ಲಿ ಎಂಬುದು ನನಗೆ ಮನವರಿಕೆಯಾಯಿತು.

ಸಾಮಾನ್ಯವಾಗಿ ಎಲ್ಲರೂ ಬ್ಯಾಗು ಕಟ್ಟುವುದು ಮನೆಯ ಕಪಾಟಿನ ಅನುಕೂಲಕ್ಕೆ ತಕ್ಕಂತೆ. ಮೊದಲು ಕೈಗೆ ಸಿಕ್ಕಿದ್ದು ತಳಕ್ಕೆ ಹೋಗುತ್ತದೆ, ಕೊನೆಗೆ ನೆನಪಾದದ್ದು ಜಾಕೆಟ್ಟಿನ ಜೇಬಿಗೆ ಸೇರುತ್ತದೆ. ಆದರೆ ಬ್ಯಾಗನ್ನು ಕಟ್ಟಬೇಕಾದದ್ದು ತಪಾಸಣೆಯ ಟ್ರೇ ಮುಂದೆ ನಿಲ್ಲುವ ಎರಡು ನಿಮಿಷವನ್ನು ಮನಸ್ಸಿನಲ್ಲಿಟ್ಟುಕೊಂಡು. ಅಲ್ಲಿ ಯಾವುದು ಮೊದಲು ಹೊರಗೆ ಬರಬೇಕೋ ಅದು ಮನೆಯಲ್ಲಿ ಕೊನೆಗೆ ಒಳಗೆ ಹೋಗಬೇಕು. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಿ.

ಮೊದಲು ಕೈಯಲ್ಲಿ ಇರಬೇಕಾದ ಸಾಮಗ್ರಿ

ಬ್ಯಾಗು ತೂಗುವ ಕೊಕ್ಕೆ ತಕ್ಕಡಿ, ಜಿಪ್ ಇರುವ ಎರಡು ಚಿಕ್ಕ ಚೀಲ, ಮತ್ತೆ ಮತ್ತೆ ಮುಚ್ಚಿ ತೆರೆಯಬಹುದಾದ ಒಂದು ಲೀಟರ್ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಚೀಲ, 100 ಮಿಲಿಲೀಟರ್ ಮೀರದ ನಾಲ್ಕೈದು ಖಾಲಿ ಬಾಟಲಿ, ಮತ್ತು ಮಡಚಿದರೆ ಅಂಗೈಯಷ್ಟಾಗುವ ಒಂದು ಬಟ್ಟೆಯ ಚೀಲ. ಕೊನೆಯದು ಜಾಕೆಟ್ಟಿಗಾಗಿ, ಅದರ ಉಪಯೋಗ ಐದನೆಯ ಹಂತದಲ್ಲಿ ತಿಳಿಯುತ್ತದೆ. ದೊಡ್ಡ ಉಣ್ಣೆಯ ಬಟ್ಟೆಗಳಿದ್ದರೆ ಗಾಳಿ ತೆಗೆದು ಚಪ್ಪಟೆ ಮಾಡುವ ಚೀಲಗಳೂ ನೆರವಾಗುತ್ತವೆ. ಆದರೆ ಅವು ಕಡಿಮೆ ಮಾಡುವುದು ಗಾತ್ರವನ್ನು ಮಾತ್ರ, ತೂಕವನ್ನಲ್ಲ.

ಹಂತ 1: ಎರಡು ದಿನ ಮೊದಲು ಟಿಕೆಟ್ಟನ್ನು ಪೂರ್ತಿ ಓದಿ

ಯಾವ ನಿಲ್ದಾಣ, ಯಾವ ಟರ್ಮಿನಲ್ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮುಂಬೈಯಲ್ಲಿ ದೇಶದೊಳಗಿನ ವಿಮಾನಗಳು ಟರ್ಮಿನಲ್ 1ರಿಂದಲೂ ಹೊರಡುತ್ತವೆ, ಸಹಾರ್ ಭಾಗದ ಟರ್ಮಿನಲ್ 2ರಿಂದಲೂ ಹೊರಡುತ್ತವೆ. ಇವೆರಡರ ನಡುವೆ ರಸ್ತೆಯ ಮೇಲೆ ಹೋಗಬೇಕಾದಷ್ಟು ದೂರವಿದೆ. ಗೋವಾದಲ್ಲಿ ವಾಸ್ಕೋ ಬಳಿಯ ದಾಬೋಲಿಮ್ ನಿಲ್ದಾಣದ ಸಂಕೇತ ಜಿಓಐ. 2023ರ ಜನವರಿಯಿಂದ ವಿಮಾನಗಳು ಹಾರಾಡುತ್ತಿರುವ ಪೆಡ್ನೆ ತಾಲ್ಲೂಕಿನ ಮೋಪಾ ನಿಲ್ದಾಣದ್ದು ಜಿಓಎಕ್ಸ್. ಒಂದು ರಾಜ್ಯದ ದಕ್ಷಿಣಕ್ಕಿದೆ, ಇನ್ನೊಂದು ಉತ್ತರದ ತುದಿಯಲ್ಲಿದೆ. ತಪ್ಪು ನಿಲ್ದಾಣಕ್ಕೆ ಹೋದವರಿಗೆ ಮುಂದಿನ ಯಾವ ಹಂತವೂ ಉಪಯೋಗಕ್ಕೆ ಬರುವುದಿಲ್ಲ.

ನಂತರ ತೂಕದ ಮಿತಿಯನ್ನು ಓದಿ. ದೇಶದೊಳಗಿನ ಸಾಮಾನ್ಯ ದರ್ಜೆಯ ಟಿಕೆಟ್ಟುಗಳಲ್ಲಿ ಕೈಚೀಲಕ್ಕೆ 7 ಕಿಲೋ, ಚೆಕ್-ಇನ್ ಬ್ಯಾಗಿಗೆ 15 ಕಿಲೋ ಇರುವುದೇ ಹೆಚ್ಚು. ನಿಮ್ಮ ಟಿಕೆಟ್ಟಿನ ಮೇಲೆ ಬೇರೆ ಸಂಖ್ಯೆ ಇದ್ದರೆ ಅದೇ ಅಂತಿಮ. ಚಳಿಗಾಲದಲ್ಲಿ ಈ ಮಿತಿ ಬೇಗ ಮೀರುತ್ತದೆ, ಏಕೆಂದರೆ ಒಂದು ದಪ್ಪ ಜಾಕೆಟ್ಟು ಮತ್ತು ಒಂದು ಜೊತೆ ಬೂಟು ಸೇರಿದರೆ ಎರಡು ಕಿಲೋ ದಾಟುವುದು ಕಷ್ಟವಲ್ಲ. ಕೌಂಟರಿನ ಮುಂದೆ ಬ್ಯಾಗು ಬಿಚ್ಚಿ ಅವಸರದಲ್ಲಿ ಸಾಮಾನನ್ನು ಅತ್ತಿತ್ತ ವರ್ಗಾಯಿಸುವಾಗಲೇ ಚಾಕು, ಕತ್ತರಿ, ಎಣ್ಣೆಯ ಬಾಟಲಿಗಳು ಕೈಚೀಲಕ್ಕೆ ಬಂದುಬಿಡುತ್ತವೆ. ಆದ್ದರಿಂದ ಮನೆಯಲ್ಲಿಯೇ ತೂಗಿ, ಮಿತಿಗಿಂತ ಅರ್ಧ ಕಿಲೋ ಕಡಿಮೆಯಿರುವಂತೆ ನೋಡಿಕೊಳ್ಳಿ.

ಹಂತ 2: ಎಲ್ಲವನ್ನೂ ನೆಲದ ಮೇಲೆ ಹರಡಿ, ಮೂರು ರಾಶಿ ಮಾಡಿ

ಒಂದು ಚಾಪೆ ಹಾಸಿ ಒಯ್ಯಬೇಕೆಂದಿರುವ ಎಲ್ಲವನ್ನೂ ಹರಡಿ. ಕೈಚೀಲಕ್ಕೆ ಮಾತ್ರ ಹೋಗಬೇಕಾದದ್ದು ಒಂದು ರಾಶಿ, ಚೆಕ್-ಇನ್ ಬ್ಯಾಗಿಗೆ ಮಾತ್ರ ಹೋಗಬೇಕಾದದ್ದು ಇನ್ನೊಂದು, ಮನೆಯಲ್ಲಿಯೇ ಉಳಿಯಬೇಕಾದದ್ದು ಮೂರನೆಯದು. ಈ ವಿಂಗಡಣೆ ಮುಗಿಯುವ ತನಕ ಯಾವ ಬ್ಯಾಗನ್ನೂ ತೆರೆಯಬೇಡಿ. ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಹಂತದಲ್ಲಿಯೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸಬೇಕು.

*ಬ್ಯಾಟರಿಗಳು.* ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು. ಅವು ಬಿಸಿಯಾಗಿ ಹೊತ್ತಿಕೊಂಡರೆ ಪ್ರಯಾಣಿಕರ ಕೋಣೆಯಲ್ಲಿ ಸಿಬ್ಬಂದಿ ಕೂಡಲೇ ನಂದಿಸಬಹುದು, ವಿಮಾನದ ಹೊಟ್ಟೆಯಲ್ಲಿ ಅದು ಸಾಧ್ಯವಿಲ್ಲ. ಸಾಮರ್ಥ್ಯ 100 ವ್ಯಾಟ್-ಅವರ್ ಒಳಗಿದ್ದರೆ ಅಡ್ಡಿಯಿಲ್ಲ. 100ರಿಂದ 160ರವರೆಗೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. ಅದನ್ನು ಮೀರಿದ್ದು ಮನೆಯಲ್ಲಿಯೇ ಉಳಿಯಬೇಕು. ಲೆಕ್ಕ ಸುಲಭ: ಮಿಲಿಆಂಪ್-ಅವರ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000ದ ಪವರ್ ಬ್ಯಾಂಕ್ 74 ವ್ಯಾಟ್-ಅವರ್ ಆಗುತ್ತದೆ, 27,000ದ್ದು 99.9ಕ್ಕೆ ಬಂದು ನಿಲ್ಲುತ್ತದೆ, 30,000ದ್ದು 111 ಆಗಿ ಮಿತಿ ದಾಟುತ್ತದೆ. ಅದರ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಸಾಮರ್ಥ್ಯವನ್ನು ತೋರಿಸುವ ದಾರಿಯೇ ಇರುವುದಿಲ್ಲ, ಅಂಥದ್ದನ್ನು ಒಯ್ಯಬೇಡಿ. ಈಚೆಗೆ ಬ್ಯಾಟರಿಯಿಂದ ಬೆಚ್ಚಗಾಗುವ ಜಾಕೆಟ್ಟು, ಕೈಗವಸುಗಳನ್ನು ಹಲವರು ಕೊಳ್ಳುತ್ತಿದ್ದಾರೆ. ಅಂಥ ಜಾಕೆಟ್ಟನ್ನು ಚೆಕ್-ಇನ್ ಬ್ಯಾಗಿಗೆ ಹಾಕುವುದಾದರೆ ಬ್ಯಾಟರಿಯನ್ನು ಬಿಚ್ಚಿ ಕೈಚೀಲಕ್ಕೆ ಹಾಕಲೇಬೇಕು.

*ತಿನಿಸು ಮತ್ತು ಅಡುಗೆಯ ಸಾಮಾನು.* ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಸಾಲಿನಲ್ಲಿ ಅದನ್ನು ಸೇರಿಸಲಾಗಿದೆ. ಹಾಗಾಗಿ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಕೊಬ್ಬರಿ ಗಿಟುಕುಗಳನ್ನು ಕಟ್ಟಿಕೊಂಡು ಹೋಗಬೇಡಿ, ತಲುಪಿದ ಊರಿನಲ್ಲಿಯೇ ಕೊಳ್ಳಿ. ಹಸಿ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಶಬರಿಮಲೆಯ ಇರುಮುಡಿಯಲ್ಲಿರುವ ಕಾಯಿಗೆ 2024ರ ಅಕ್ಟೋಬರಿನಲ್ಲಿ ವಿಶೇಷ ವಿನಾಯಿತಿ ದೊರೆಯಿತು. ಅದು 2025ರ ಜನವರಿ 20ರವರೆಗೆಂದು ಅವಧಿ ಗೊತ್ತುಮಾಡಿದ ವಿನಾಯಿತಿ. ಆದ್ದರಿಂದ ಮಾಲೆ ಧರಿಸಿ ಹೊರಡುವವರು ಆಯಾ ವರ್ಷದ ಆದೇಶವನ್ನು ವಿಮಾನಯಾನ ಸಂಸ್ಥೆಯಲ್ಲಿ ವಿಚಾರಿಸಿಕೊಂಡೇ ಹೊರಡಬೇಕು.

ಖಾರದಪುಡಿ, ಸಾಂಬಾರಪುಡಿ, ಶೇಂಗಾ ಚಟ್ನಿಪುಡಿ ಎಲ್ಲವೂ ಚೆಕ್-ಇನ್ ಬ್ಯಾಗಿಗೆ. ಖಾರದಪುಡಿಯನ್ನು ಕಣ್ಣಿಗೆರಚುವ ಆಯುಧವಾಗಿ ಬಳಸಬಹುದು ಎಂಬುದನ್ನು ನೆನೆದರೆ ಈ ನಿಷೇಧ ಅತಿರೇಕವೆನಿಸುವುದಿಲ್ಲ. ಉಪ್ಪಿನಕಾಯಿ ಯಾವುದೇ ಆಗಿರಲಿ, ಅದೂ ಅಲ್ಲಿಗೇ. ಎಣ್ಣೆ ಸೋರುವ ಭರಣಿಯನ್ನು ಕೈಯಲ್ಲಿ ಹಿಡಿದು ವಾದಿಸುವುದರಲ್ಲಿ ಅರ್ಥವಿಲ್ಲ. ಕರದಂಟು, ಪೇಡ, ಹೋಳಿಗೆಗಳನ್ನು ಕೈಚೀಲದಲ್ಲಿ ಒಯ್ಯಬಹುದು. ಈಳಿಗೆಮಣೆ, ತುರಿಮಣೆ, ಚಾಕುಗಳು ಅಲಗಿಗೆ ದಪ್ಪ ರಟ್ಟು ಸುತ್ತಿಕೊಂಡು ಚೆಕ್-ಇನ್ ಬ್ಯಾಗಿನಲ್ಲಿಯೇ ಹೋಗಬೇಕು.

*ಪೂಜೆಯ ಸಾಮಾನು.* ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತು. ಬೆಂಕಿಪೊಟ್ಟಣ ಮತ್ತು ಲೈಟರ್ ಬಗ್ಗೆ ಹೇಳಬೇಕಾದದ್ದೇ ಇಲ್ಲ. ಮೂರೂ ಮನೆಯಲ್ಲಿಯೇ ಉಳಿಯಲಿ. ಕಾಶಿಯ ಗಲ್ಲಿಗಳಲ್ಲಿ ಇವೆಲ್ಲ ಹೆಜ್ಜೆಗೊಂದರಂತೆ ಸಿಗುತ್ತವೆ. ಹಿತ್ತಾಳೆಯ ದೀಪ, ಪಂಚಪಾತ್ರೆ, ವಿಗ್ರಹಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ; ಮನಸ್ಸಿಗೆ ಹತ್ತಿರವಾದ ಚಿಕ್ಕ ವಿಗ್ರಹವನ್ನು ಜೊತೆಯಲ್ಲಿಯೇ ಇರಿಸಿಕೊಳ್ಳಬೇಕೆಂದಿದ್ದರೆ ಅದನ್ನು ಕೈಚೀಲದ ಮೇಲ್ಭಾಗದಲ್ಲಿ, ಹೊರಗೆ ತೆಗೆದು ತೋರಿಸಲು ಸುಲಭವಾಗುವಂತೆ ಇಡಿ.

*ದ್ರವ ಮತ್ತು ಮುಲಾಮು.* ಹೊರದೇಶದ ಪ್ರಯಾಣದಲ್ಲಿ ಕೈಚೀಲದ ಪ್ರತಿ ಬಾಟಲಿಯ ಅಳತೆ 100 ಮಿಲಿಲೀಟರ್ ಮೀರಬಾರದು. ಎಲ್ಲ ಬಾಟಲಿಗಳೂ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಹಿಡಿಯಬೇಕು. ಗಣನೆಗೆ ಬರುವುದು ಬಾಟಲಿಯ ಅಳತೆಯೇ ಹೊರತು ಒಳಗೆ ಉಳಿದಿರುವ ದ್ರವದ ಪ್ರಮಾಣವಲ್ಲ. 200 ಮಿಲಿಲೀಟರಿನ ಬಾಟಲಿಯಲ್ಲಿ ತಳಕ್ಕಂಟಿದ ಎರಡು ಚಮಚ ಲೋಷನ್ ಇದ್ದರೂ ಅದನ್ನು ತೆಗೆಸುತ್ತಾರೆ. ಚಳಿಗಾಲದ ವಿಶೇಷ ತೊಡಕು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಪುಣೆಯ ಚಳಿಯಲ್ಲಿ ಬೆಣ್ಣೆಯಂತೆ ಕಾಣುತ್ತದೆ, ಆದರೆ ತಪಾಸಣೆಯಲ್ಲಿ ಅದನ್ನು ಎಣ್ಣೆಯೆಂದೇ ಎಣಿಸುತ್ತಾರೆ. ಕೋಲ್ಡ್ ಕ್ರೀಮ್, ವ್ಯಾಸಲೀನ್, ನೋವಿನ ಮುಲಾಮು, ತುಪ್ಪ ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ. ದೇಶದೊಳಗಿನ ಪ್ರಯಾಣದಲ್ಲಿ ತಪಾಸಣೆ ಇಷ್ಟು ಬಿಗಿಯಾಗಿರದಿದ್ದರೂ ನಾನು ಎರಡಕ್ಕೂ ಒಂದೇ ಕ್ರಮವನ್ನು ಪಾಲಿಸುತ್ತೇನೆ, ಏಕೆಂದರೆ ಎರಡು ನಿಯಮಗಳನ್ನು ನೆನಪಿಡುವುದಕ್ಕಿಂತ ಒಂದನ್ನು ರೂಢಿ ಮಾಡಿಕೊಳ್ಳುವುದು ಸುಲಭ. ಗೋವಾದಿಂದ ಫೆನಿಯಂಥ ಮದ್ಯವನ್ನು ಒಯ್ಯುವವರು ಅಂಗಡಿಯ ಮೊಹರು ಒಡೆಯದ ಬಾಟಲಿಯನ್ನೇ ಚೆಕ್-ಇನ್ ಬ್ಯಾಗಿನಲ್ಲಿ ಇಡಬೇಕು. ಶೇಕಡ 24ರಿಂದ 70ರಷ್ಟು ಮದ್ಯಸಾರವಿರುವ ಪಾನೀಯಕ್ಕೆ ತಲಾ 5 ಲೀಟರ್ ಮಿತಿ.

*ಚಾರಣದ ಸಲಕರಣೆ.* ಪುಣೆಯಿಂದ ಡೆಹ್ರಾಡೂನ್ ಮಾರ್ಗವಾಗಿ ಕೇದಾರಕಂಠದಂಥ ಹಿಮದ ಚಾರಣಕ್ಕೆ ಹೋಗುವ ಯುವಕರು ಗಮನಿಸಬೇಕು. ಚಾರಣದ ಕೋಲು, ಬೂಟಿನಡಿ ಕಟ್ಟುವ ಕಬ್ಬಿಣದ ಮುಳ್ಳುಗಳು ಮತ್ತು ಹಿಮಗೊಡಲಿ ಚೆಕ್-ಇನ್ ಬ್ಯಾಗಿಗೆ. ಒಲೆಗೆ ಜೋಡಿಸುವ ಬ್ಯೂಟೇನ್ ಡಬ್ಬಿಯನ್ನು ಯಾವ ಬ್ಯಾಗಿನಲ್ಲಿಯೂ ಒಯ್ಯುವಂತಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಭಾರತದಲ್ಲಿ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಅದು ಸಿಕ್ಕಿದರೆ ಪೊಲೀಸ್ ಠಾಣೆಯವರೆಗೂ ಹೋಗಬೇಕಾದೀತು.

ಹಂತ 3: ಚೆಕ್-ಇನ್ ಬ್ಯಾಗನ್ನು ಮೊದಲು ಕಟ್ಟಿ ಮುಗಿಸಿ

ಎರಡೂ ಬ್ಯಾಗುಗಳನ್ನು ಒಟ್ಟಿಗೆ ಕಟ್ಟಬೇಡಿ. ತಳದಲ್ಲಿ ಬೂಟು, ಅದರೊಳಗೆ ಸುತ್ತಿಟ್ಟ ಕಾಲುಚೀಲ. ಅದರ ಮೇಲೆ ಭಾರದ ಉಣ್ಣೆಬಟ್ಟೆ. ನಡುವೆ ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದ ಉಪ್ಪಿನಕಾಯಿ ಮತ್ತು ತುಪ್ಪ. ಮೇಲೆ ಮೆತ್ತನೆಯ ಬಟ್ಟೆ. ಜಿಪ್ ಎಳೆಯುವ ಮುನ್ನ ಪ್ರತಿಯೊಂದು ಜಾಕೆಟ್ಟಿನ, ಪ್ಯಾಂಟಿನ ಜೇಬಿಗೆ ಕೈ ಹಾಕಿ ನೋಡಿ. ಕಳೆದ ಚಳಿಗಾಲದಲ್ಲಿ ಇಟ್ಟ ಲೈಟರ್ ಅಥವಾ ಪವರ್ ಬ್ಯಾಂಕ್ ವರ್ಷವಿಡೀ ಕಪಾಟಿನಲ್ಲಿದ್ದ ಕೋಟಿನ ಜೇಬಿನಲ್ಲಿಯೇ ಉಳಿದಿರುತ್ತದೆ. ನಮ್ಮ ಮಾವನವರ ಬ್ಯಾಗನ್ನು ಒಮ್ಮೆ ಹೀಗೆಯೇ ತಡೆಹಿಡಿದಿದ್ದರು. ಕೌಂಟರಿನಿಂದ ಬ್ಯಾಗು ಒಳಗೆ ಹೋಗಿ ಅರ್ಧ ಗಂಟೆಯ ಮೇಲೆ ಅವರ ಹೆಸರು ಕೂಗಿ ಕರೆದರು. ಅವರು ಆಗಲೇ ಭದ್ರತಾ ತಪಾಸಣೆ ಮುಗಿಸಿ ಗೇಟಿನ ಬಳಿ ಕುಳಿತಿದ್ದರು. ಹಿಂದಿರುಗಿ ಬಂದು, ಬ್ಯಾಗು ತೆರೆಸಿ, ಮತ್ತೊಮ್ಮೆ ಸಾಲಿನಲ್ಲಿ ನಿಂತು ಗೇಟಿಗೆ ಓಡುವಷ್ಟರಲ್ಲಿ ಬಾಗಿಲು ಮುಚ್ಚುವ ಹೊತ್ತಾಗಿತ್ತು. ಎಪ್ಪತ್ತು ದಾಟಿದ ಅವರನ್ನು ಹಾಗೆ ಓಡಿಸಿದ್ದು ಒಂದು ಜೇಬನ್ನು ತಡವಿ ನೋಡದ ನಮ್ಮ ಉದಾಸೀನ.

ಹಂತ 4: ಕೈಚೀಲವನ್ನು ಟ್ರೇಯಿಂದ ಹಿಂದಕ್ಕೆ ಯೋಚಿಸಿ ಕಟ್ಟಿ

ಎಕ್ಸ್-ರೇ ಪರದೆಯಲ್ಲಿ ಬಟ್ಟೆ, ತಿನಿಸು, ಪ್ಲಾಸ್ಟಿಕ್‌ನಂಥ ಸಾವಯವ ವಸ್ತುಗಳು ಕಿತ್ತಳೆ ಬಣ್ಣದಲ್ಲಿ, ಲೋಹಗಳು ನೀಲಿಯಲ್ಲಿ, ನಡುವಿನವು ಹಸಿರಿನಲ್ಲಿ ಕಾಣಿಸುತ್ತವೆ. ಒಂದರ ಮೇಲೊಂದು ಒತ್ತಾಗಿ ಪೇರಿಸಿದರೆ ಆ ಜಾಗ ಕಪ್ಪಾಗುತ್ತದೆ, ಒಳಗೇನಿದೆ ಎಂದು ಗುರುತಿಸಲು ಆಗುವುದಿಲ್ಲ. ಬ್ಯಾಗನ್ನು ಪಕ್ಕಕ್ಕೆ ಸರಿಸಿ ತೆರೆಸುವುದು ಬಹಳ ಸಲ ನಿಷೇಧಿತ ವಸ್ತು ಸಿಕ್ಕಿದ್ದಕ್ಕಲ್ಲ, ಹೀಗೆ ಕಪ್ಪಾಗಿ ಕಂಡದ್ದಕ್ಕೆ. ಎರಡು ಕಿಲೋ ಪೇಡದ ಪೊಟ್ಟಣದ ಮೇಲೆ ಚಾರ್ಜರ್, ಅದರ ಮೇಲೆ ಕ್ಯಾಮೆರಾ, ಅದರ ಸುತ್ತ ತಂತಿಗಳು ಎಂದಾದರೆ ಯಾವ ಸಿಬ್ಬಂದಿಯೂ ಅದನ್ನು ಹಾಗೆಯೇ ಬಿಡುವುದಿಲ್ಲ, ಬಿಡಲೂಬಾರದು.

ಆದ್ದರಿಂದ ತಳದಲ್ಲಿ ಒಂದು ಜೊತೆ ಒಳಬಟ್ಟೆ, ಥರ್ಮಲ್ ಮತ್ತು ಕಾಲುಚೀಲ ಹಾಸಿ. ತಿನಿಸನ್ನು ಒಂದು ಬದಿಗೆ, ಎತ್ತರಕ್ಕೆ ಪೇರಿಸದೆ, ಅಗಲವಾಗಿ ಇಡಿ. ತಂತಿ, ಚಾರ್ಜರ್, ಪವರ್ ಬ್ಯಾಂಕ್, ಇಯರ್‌ಫೋನುಗಳು ಜಿಪ್ ಇರುವ ಮೊದಲ ಚೀಲದೊಳಗೆ. ಎರಡನೆಯ ಚೀಲವನ್ನು ಖಾಲಿಯಾಗಿಯೇ ಬಿಡಿ. ಮೇಲಿನ ಪದರದಲ್ಲಿ ಲ್ಯಾಪ್‌ಟಾಪ್, ತಂತಿಗಳ ಚೀಲ, ದ್ರವಗಳ ಪಾರದರ್ಶಕ ಚೀಲ ಇವು ಮೂರು ಮಾತ್ರ ಇರಲಿ. ಕೈ ಹಾಕಿದ ಕೂಡಲೇ ಹೊರಬರಬೇಕಾದವು ಇವೇ.

ಔಷಧಿಗಳಿಗೆ ಪ್ರತ್ಯೇಕ ಜಾಗವಿರಲಿ. ಇನ್ಸುಲಿನ್ ಅನ್ನು ಎಂದಿಗೂ ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಅಲ್ಲಿಯ ಚಳಿಗೆ ಅದು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಬಳಕೆಗೆ ಬರುವುದಿಲ್ಲ. ಸೂಜಿಗಳಿರುವುದರಿಂದ ವೈದ್ಯರ ಚೀಟಿ ಜೊತೆಗಿರಬೇಕು. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ದೆಹಲಿಯಲ್ಲಿ ದಟ್ಟ ಮಂಜು ಕವಿದು ವಿಮಾನಗಳು ಗಂಟೆಗಟ್ಟಲೆ ತಡವಾಗುವುದುಂಟು, ಬೇರೆ ಊರಿಗೆ ತಿರುಗುವುದೂ ಉಂಟು. ಹಾಗಾಗಿ ಎರಡು ದಿನದ ಮಾತ್ರೆ ಕೈಚೀಲದಲ್ಲಿ ಇರಲೇಬೇಕು.

ಹಂತ 5: ಮುಂಬೈಯ ಹವೆಗೆ ಉಡುಪು ತೊಡಿ, ಚಳಿಯ ಊರಿನದ್ದನ್ನು ಕೈಯಲ್ಲಿ ಹಿಡಿಯಿರಿ

ತೂಕ ಉಳಿಸಬೇಕೆಂದು ಥರ್ಮಲ್, ಸ್ವೆಟರ್, ಜಾಕೆಟ್ ಎಲ್ಲವನ್ನೂ ಮನೆಯಿಂದಲೇ ಮೈಮೇಲೆ ಹೇರಿಕೊಂಡು ಹೊರಡುವವರಿದ್ದಾರೆ. ಇದು ಎರಡು ರೀತಿಯಲ್ಲಿ ಕೆಡುಕು. ಮುಂಬೈ ಮತ್ತು ಗೋವಾದ ಡಿಸೆಂಬರ್ ಮಧ್ಯಾಹ್ನದಲ್ಲಿ ಮೈ ಬೆವರಿ ಥರ್ಮಲ್ ಒದ್ದೆಯಾಗುತ್ತದೆ, ಆ ಒದ್ದೆ ಬಟ್ಟೆಯಲ್ಲಿಯೇ ದೆಹಲಿಯಲ್ಲೋ ಶ್ರೀನಗರದಲ್ಲೋ ಇಳಿದರೆ ಬಟ್ಟೆಯೇ ಚಳಿಯನ್ನು ಮೈಗೆ ಹತ್ತಿಸುತ್ತದೆ. ಅಲ್ಲದೆ ತಪಾಸಣೆಯಲ್ಲಿ ಜಾಕೆಟ್ಟನ್ನು ತೆಗೆಸುತ್ತಾರೆ, ದಪ್ಪ ಸ್ವೆಟರನ್ನೂ ತೆಗೆಯಲು ಹೇಳಬಹುದು. ಆಗ ಹಿಂದಿರುವವರೆಲ್ಲ ಕಾಯುತ್ತ ನಿಲ್ಲಬೇಕಾಗುತ್ತದೆ.

ಸರಿಯಾದ ಕ್ರಮವೆಂದರೆ, ಮೈಗೆ ಅಂಟಿದಂತೆ ಒಂದು ತೆಳುವಾದ ತುಂಬುತೋಳಿನ ಅಂಗಿ, ಅದರ ಮೇಲೆ ಬೇಕಿದ್ದರೆ ಮುಂದೆ ತೆರೆಯುವ ಹಗುರ ಸ್ವೆಟರ್. ತಲೆಯ ಮೂಲಕ ಎಳೆದು ತೆಗೆಯಬೇಕಾದ ಸ್ವೆಟರ್ ಬೇಡ. ಅದನ್ನು ತೆಗೆಯುವಾಗ ಕನ್ನಡಕ, ಸರ, ಓಲೆಗಳು ಸಿಕ್ಕಿಕೊಳ್ಳುತ್ತವೆ. ದಪ್ಪ ಜಾಕೆಟ್ಟನ್ನು ಬಟ್ಟೆಯ ಚೀಲದಲ್ಲಿ ಮಡಚಿ ತೋಳಿನ ಮೇಲೆ ಹಾಕಿಕೊಳ್ಳಿ. ತಪಾಸಣೆಯಲ್ಲಿ ಆ ಚೀಲವನ್ನೇ ಟ್ರೇಯಲ್ಲಿಟ್ಟರೆ ಸಾಕು, ಜಾಕೆಟ್ಟಿನ ತೋಳು ಬೆಲ್ಟಿಗೆ ಸಿಕ್ಕುವುದಾಗಲಿ ನೆಲಕ್ಕೆ ಬೀಳುವುದಾಗಲಿ ಆಗುವುದಿಲ್ಲ. ವಿಮಾನದೊಳಗೆ ಅದೇ ಹೊದಿಕೆಯಾಗುತ್ತದೆ. ಕೌಂಟರಿನಲ್ಲಿ ಈ ಚೀಲವನ್ನೂ ಕೈಚೀಲದ ಲೆಕ್ಕಕ್ಕೆ ಹಿಡಿದರೆ ಜಾಕೆಟ್ಟನ್ನು ಹೊರತೆಗೆದು ತೋಳಿನ ಮೇಲೆ ಹಾಕಿಕೊಂಡರಾಯಿತು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಜಾಕೆಟ್ಟಿನ ಜೇಬುಗಳು ಖಾಲಿಯಿರಬೇಕು. ಜಾಕೆಟ್ಟನ್ನು ಇನ್ನೊಂದು ಬ್ಯಾಗಿನಂತೆ ಬಳಸುವುದೇ ಚಳಿಗಾಲದ ತಪಾಸಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ನಾಣ್ಯ, ಕೀಲಿಕೈ, ಚೂಯಿಂಗ್ ಗಮ್ಮಿನ ಹಾಳೆ, ಪೆನ್ನು, ಪಾಸ್‌ಪೋರ್ಟು ಹೀಗೆ ಎಂಟು ಜೇಬುಗಳಲ್ಲಿ ಹರಡಿಕೊಂಡ ಸಾಮಾನನ್ನು ಟ್ರೇ ಮುಂದೆ ನಿಂತು ಹುಡುಕುವಾಗಲೇ ಪಾಸ್‌ಪೋರ್ಟು ಕಳೆದುಹೋಗುವುದು.

ಪಾದರಕ್ಷೆಗೆ ಸುಲಭವಾಗಿ ಕಳಚುವ ಶೂ ಸಾಕು. ಹಿಮದ ಬೂಟುಗಳಲ್ಲಿ ಲೋಹದ ಕೊಂಡಿ, ಅಡಿಪಟ್ಟಿಗಳಿರುವುದರಿಂದ ಅವುಗಳನ್ನು ಬಿಚ್ಚಿಸಿ ಎಕ್ಸ್-ರೇಗೆ ಹಾಕುವುದು ಖಂಡಿತ. ಅವು ಚೆಕ್-ಇನ್ ಬ್ಯಾಗಿನ ತಳದಲ್ಲಿರಲಿ. ಬೂಟನ್ನು ಹಾಕಿಕೊಂಡೇ ಹೋಗುವ ಅನಿವಾರ್ಯವಿದ್ದರೆ ದಪ್ಪ ಕಾಲುಚೀಲ ತೊಡಿ, ಏಕೆಂದರೆ ತಣ್ಣನೆಯ ನೆಲದ ಮೇಲೆ ಕಾಯಬೇಕಾಗುತ್ತದೆ. ದೊಡ್ಡ ಬಕಲ್ ಇರುವ ಬೆಲ್ಟಿನ ಬದಲು ಲಾಡಿಯ ಅಥವಾ ಎಲಾಸ್ಟಿಕ್ಕಿನ ಪ್ಯಾಂಟು ಹಿತ.

ಹೆಂಗಸರ ತಪಾಸಣೆ ಪರದೆಯೊಳಗೆ ಮಹಿಳಾ ಸಿಬ್ಬಂದಿಯಿಂದಲೇ ನಡೆಯುತ್ತದೆ. ತಾಳಿ, ಬಳೆ, ಕಾಲುಂಗುರಗಳನ್ನು ತೆಗೆಯಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ; ಕೈಯಲ್ಲಿ ಹಿಡಿಯುವ ಶೋಧಕ ಸದ್ದು ಮಾಡಿದಾಗ ಅವನ್ನು ತೋರಿಸಿದರೆ ಸಾಕು. ಸೀರೆಯ ನೆರಿಗೆಗೆ, ಸೆರಗಿಗೆ, ಶಾಲಿಗೆ ಚುಚ್ಚಿದ ಹತ್ತಾರು ಪಿನ್ನುಗಳು ಮಾತ್ರ ಪ್ರತಿಯೊಂದೂ ಸದ್ದು ಮಾಡಿ ಸಮಯ ತಿನ್ನುತ್ತವೆ. ಎರಡಕ್ಕಿಂತ ಹೆಚ್ಚು ಪಿನ್ನು ಬೇಡ, ಶಾಲಿಗೆ ಒಂದೂ ಬೇಡ. ಮದುವೆಗೆ ಹೊರಟವರು ಭಾರದ ಒಡವೆಗಳನ್ನು ಮೈಮೇಲೆ ಧರಿಸುವ ಬದಲು ಕೈಚೀಲದ ಒಳಜೇಬಿನಲ್ಲಿಡಿ, ಚೆಕ್-ಇನ್ ಬ್ಯಾಗಿನಲ್ಲಿ ಎಂದಿಗೂ ಬೇಡ.

ಮಂಡಿ ಬದಲಿಸಿಕೊಂಡವರು, ಮೂಳೆಗೆ ರಾಡು ಹಾಕಿಸಿಕೊಂಡವರು ಲೋಹವನ್ನು ಪತ್ತೆಹಚ್ಚುವ ಬಾಗಿಲಿನಂಥ ಚೌಕಟ್ಟಿನ ಕಡೆಗೆ ಹೋಗುವ ಮೊದಲೇ ಸಿಬ್ಬಂದಿಗೆ ತಿಳಿಸಬೇಕು. ಪೇಸ್‌ಮೇಕರ್ ಇರುವವರು ಅದರ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತೋರಿಸಿ, ಶೋಧಕವನ್ನು ಎದೆಯ ಮೇಲೆ ಹಿಡಿಯದೆ ಕೈಯಿಂದ ತಪಾಸಣೆ ಮಾಡಬೇಕೆಂದು ಕೇಳಿಕೊಳ್ಳಬೇಕು. ಗಾಲಿಕುರ್ಚಿಯಲ್ಲಿರುವ ಅಜ್ಜಿಯಂದಿರಿಗೆ ಹೊದಿಸಿದ ಶಾಲು, ಕಂಬಳಿಗಳನ್ನೂ ತೆಗೆದು ಎಕ್ಸ್-ರೇಗೆ ಹಾಕುತ್ತಾರೆ. ಅವರಿಗೆ ಇದನ್ನು ಮನೆಯಲ್ಲಿಯೇ ಹೇಳಿಟ್ಟರೆ ಆ ಹೊತ್ತಿಗೆ ಗಾಬರಿಯಾಗುವುದಿಲ್ಲ.

ಹಂತ 6: ಬಾಗಿಲಿನಿಂದ ಸಾಲಿನವರೆಗೆ

ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ, ಹೊರದೇಶಕ್ಕೆ ಮೂರು ಗಂಟೆ ಮೊದಲು ತಲುಪಿ. ದೇಶದೊಳಗಿನ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮುಂಬೈ, ಪುಣೆಗಳಲ್ಲಿ ಡಿಜಿಯಾತ್ರಾ ಎಂಬ ಮೊಬೈಲ್ ಆ್ಯಪ್ ಬಳಸಿ ಮುಖ ತೋರಿಸಿ ಒಳಹೋಗಬಹುದು. ಅಲ್ಲಿ ಮಂಕಿ ಕ್ಯಾಪ್ ಮತ್ತು ಮಫ್ಲರ್ ಮುಖವನ್ನು ಮರೆಮಾಡದಂತೆ ಮೊದಲೇ ತೆಗೆದಿಟ್ಟಿರಿ. ಪುಣೆಯ ಲೋಹೆಗಾಂವ್ ವಾಯುಪಡೆಯ ನೆಲೆ, ದಾಬೋಲಿಮ್ ನೌಕಾಪಡೆಯ ನೆಲೆ. ಅಲ್ಲಿ ವಿಮಾನ ಹತ್ತುವಾಗ ಮೊಬೈಲ್ ಹೊರತೆಗೆದು ಚಿತ್ರ ತೆಗೆಯಬೇಡಿ.

ಚೆಕ್-ಇನ್ ಬ್ಯಾಗನ್ನು ಕೊಟ್ಟ ಮೇಲೆ ಕೂಡಲೇ ಸಾಲಿಗೆ ಓಡಬೇಡಿ. ಒಂದು ಬೆಂಚು ನೋಡಿ ಕುಳಿತು, ಖಾಲಿ ಬಿಟ್ಟಿದ್ದ ಎರಡನೆಯ ಚೀಲವನ್ನು ತೆರೆಯಿರಿ. ಗಡಿಯಾರ, ಮೊಬೈಲು, ಪರ್ಸು, ಕೀಲಿಕೈ, ನಾಣ್ಯ, ಬೆಲ್ಟು, ಎಲ್ಲವೂ ಅದರೊಳಗೆ. ನೀರಿನ ಬಾಟಲಿಯನ್ನು, ಥರ್ಮಾಸನ್ನು ಖಾಲಿ ಮಾಡಿ. ತಪಾಸಣೆಯ ಆಚೆ ಕುಡಿಯುವ ನೀರಿನ ನಲ್ಲಿಗಳಿರುತ್ತವೆ. ಬೋರ್ಡಿಂಗ್ ಪಾಸ್ ಮತ್ತು ಗುರುತಿನ ಚೀಟಿ ಮಾತ್ರ ಕೈಯಲ್ಲಿರಲಿ. ಬೆಂಚಿನ ಮೇಲೆ ಕಳೆದ ಈ ಎರಡು ನಿಮಿಷ ಟ್ರೇ ಮುಂದಿನ ಹತ್ತು ನಿಮಿಷವನ್ನು ಉಳಿಸುತ್ತದೆ.

ಹಂತ 7: ಟ್ರೇ ಮುಂದೆ

ಮೊದಲ ಟ್ರೇಯಲ್ಲಿ ಜಾಕೆಟ್ಟಿನ ಚೀಲ, ಶಾಲು, ಟೋಪಿ. ಎರಡನೆಯದರಲ್ಲಿ ಲ್ಯಾಪ್‌ಟಾಪ್, ಅದರ ಪಕ್ಕದಲ್ಲಿ ತಂತಿಗಳ ಚೀಲ ಮತ್ತು ಪವರ್ ಬ್ಯಾಂಕ್, ಒಂದರ ಮೇಲೊಂದು ಬೇಡ. ಮೂರನೆಯದರಲ್ಲಿ ಮೊಬೈಲು, ಪರ್ಸುಗಳ ಚೀಲ ಮತ್ತು ದ್ರವಗಳ ಚೀಲ. ಕೈಚೀಲ ಕೊನೆಗೆ. ಬೆಲೆಬಾಳುವ ಸಾಮಾನಿರುವ ಟ್ರೇ ನಿಮ್ಮ ಕಣ್ಣೆದುರಿನಲ್ಲಿ ಯಂತ್ರದೊಳಗೆ ಹೋದ ಮೇಲೆಯೇ ನೀವು ಚೌಕಟ್ಟಿನ ಕಡೆಗೆ ಹೆಜ್ಜೆ ಇಡಬೇಕು. ಅದನ್ನು ಮೊದಲೇ ಕಳಿಸಿ ನೀವು ಸಾಲಿನಲ್ಲಿ ನಿಂತರೆ ಆಚೆ ಬದಿಯಲ್ಲಿ ಅದು ಕಾವಲಿಲ್ಲದೆ ಬಿದ್ದಿರುತ್ತದೆ. ಕೆಲವು ಸಾಲುಗಳಲ್ಲಿ ಲ್ಯಾಪ್‌ಟಾಪ್ ಒಳಗೇ ಇರಲಿ ಎನ್ನುತ್ತಾರೆ, ಆಗ ಹಾಗೆಯೇ ಮಾಡಿ. ಹಿಂದಿನ ಸಲ ಹೇಗಿತ್ತು ಎಂಬ ವಾದ ಆ ಹೊತ್ತಿಗೆ ಉಪಯೋಗವಿಲ್ಲ.

ಮಗುವನ್ನು ಎದೆಗೆ ಕಟ್ಟಿಕೊಂಡವರು ಕಟ್ಟನ್ನು ಬಿಚ್ಚಿ ಮಗುವನ್ನು ಎತ್ತಿಕೊಳ್ಳಬೇಕಾಗುತ್ತದೆ. ಮಗುವಿಗೆ ಸುತ್ತಿದ ಉಣ್ಣೆಯ ಹೊದಿಕೆಯನ್ನು ಸಾಲಿನಲ್ಲಿರುವಾಗಲೇ ಸಡಿಲಿಸಿ.

ಹಂತ 8: ಬ್ಯಾಗು ಪಕ್ಕಕ್ಕೆ ಸರಿದರೆ

ಕೈಚೀಲ ನೇರವಾಗಿ ಬರದೆ ಪಕ್ಕದ ಪಟ್ಟಿಗೆ ಹೊರಳಿದರೆ ಅದನ್ನು ಮುಟ್ಟಬೇಡಿ. ಸಿಬ್ಬಂದಿ ಯಾರದೆಂದು ಕೇಳುವ ತನಕ ಎದುರಿಗೆ ನಿಂತಿರಿ, ಆ ನಡುವೆ ಉಳಿದ ಟ್ರೇಗಳನ್ನು ಎತ್ತಿಕೊಳ್ಳಿ. ಕೇಳಿದಾಗ ಒಳಗೆ ಏನಿದೆ ಎಂದು ನೇರವಾಗಿ ಹೇಳಿ. ಹಿಂದಿ ಸರಾಗವಾಗಿ ಬಾರದ ಹಿರಿಯರು ಸುಮ್ಮನಾದರೆ ಅನುಮಾನ ಬೆಳೆಯುತ್ತದೆ. ಆದ್ದರಿಂದ ಔಷಧಿ, ಸಿಹಿ, ಪೂಜಾಸಾಮಾನುಗಳ ಪೊಟ್ಟಣದ ಮೇಲೆ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಹೆಸರು ಬರೆದು ಅಂಟಿಸಿಕೊಡುವುದು ನನ್ನ ರೂಢಿ. ಏನಾದರೂ ತೆಗೆಸಿದರೆ, ಸಮಯವಿದ್ದಲ್ಲಿ ಹೊರಗೆ ಬಂದು ಬೀಳ್ಕೊಡಲು ಬಂದವರ ಕೈಗೆ ಕೊಡಲು ಅನುಮತಿ ಕೇಳಬಹುದು. ಸಮಯವಿಲ್ಲದಿದ್ದರೆ ಬಿಟ್ಟು ಹೊರಡಿ. ತಮಾಷೆ ಮಾಡಬೇಡಿ. ಬಾಂಬ್ ಎಂಬ ಶಬ್ದ ನಗುತ್ತ ಆಡಿದರೂ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ.

ಹೊರದೇಶದ ಪ್ರಯಾಣದಲ್ಲಿ ನಡುವೆ ವಿಮಾನ ಬದಲಿಸುವ ಊರಿನಲ್ಲಿ ಮತ್ತೊಮ್ಮೆ ತಪಾಸಣೆ ಇರುತ್ತದೆ. ಅದಕ್ಕಾಗಿ ಮೂರು ಪದರಗಳ ಕ್ರಮವನ್ನು ಕೆಡಿಸದೆ, ಪ್ರತಿ ಸಲವೂ ತೆಗೆದಲ್ಲಿಗೇ ಮರಳಿ ಇಡಿ. ಸುಂಕರಹಿತ ಅಂಗಡಿಯಲ್ಲಿ ಕೊಂಡ ದ್ರವವನ್ನು ಮೊಹರು ಮಾಡಿದ ಚೀಲದಿಂದ ಕೊನೆಯ ಊರು ತಲುಪುವವರೆಗೂ ಹೊರತೆಗೆಯಬೇಡಿ.

ಹಂತ 9: ಮರಳುವಾಗ

ಹೋಗುವಾಗ ಇಟ್ಟ ಎಚ್ಚರವನ್ನು ಬರುವಾಗ ಮರೆಯುವವರೇ ಹೆಚ್ಚು. ಶ್ರೀನಗರದಲ್ಲಿ ನಿಲ್ದಾಣದ ಕಟ್ಟಡಕ್ಕೆ ಬಹಳ ಮೊದಲೇ ರಸ್ತೆಯ ಗೇಟಿನಲ್ಲಿ ವಾಹನದಿಂದ ಇಳಿಸಿ ಎಲ್ಲ ಬ್ಯಾಗುಗಳನ್ನೂ ಎಕ್ಸ್-ರೇಗೆ ಹಾಕುತ್ತಾರೆ. ಒಳಗೆ ಮತ್ತೆ ತಪಾಸಣೆಗಳಿರುತ್ತವೆ. ಅಲ್ಲಿಗೆ ಮೂರು ಗಂಟೆ ಮೊದಲೇ ತಲುಪಬೇಕು. ಗೇಟಿನಲ್ಲಿ ಹಿಮಗಾಳಿಯಲ್ಲಿ ನಿಲ್ಲಬೇಕಾದ್ದರಿಂದ ಜಾಕೆಟ್ ಮೈಮೇಲೆ ಇರಲಿ, ಜೇಬುಗಳು ಮಾತ್ರ ಖಾಲಿ. ಕೊಂಡು ತರುವ ಕ್ರಿಕೆಟ್ ಬ್ಯಾಟನ್ನು ಕೈಚೀಲವಾಗಿ ಬಿಡುವುದಿಲ್ಲ, ಅದು ಚೆಕ್-ಇನ್ ಬ್ಯಾಗಿನೊಂದಿಗೇ ಹೋಗಬೇಕು.

ಕಾಶಿಯಿಂದ ತರುವ ಗಂಗೆಯ ತಾಮ್ರದ ಗಿಂಡಿ ಬೆಸುಗೆ ಹಾಕಿದ್ದಾಗಿರಲಿ. ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಸ್ವೆಟರಿನಲ್ಲಿ ಸುತ್ತಿ, ಚೆಕ್-ಇನ್ ಬ್ಯಾಗಿನ ನಡುವೆ ಇಡಿ. ಅಲ್ಲಿ ಪೂಜೆಗೆಂದು ಕೊಂಡು ಉಳಿದ ಕರ್ಪೂರ, ಬೆಂಕಿಪೊಟ್ಟಣಗಳನ್ನು ಉಳಿದುಕೊಂಡ ಮಠದಲ್ಲಿಯೋ ಛತ್ರದಲ್ಲಿಯೋ ಕೊಟ್ಟುಬಿಟ್ಟು, ಹೊರಡುವ ರಾತ್ರಿ ಮತ್ತೊಮ್ಮೆ ಎಲ್ಲ ಕೋಟುಗಳ ಜೇಬಿಗೆ ಕೈ ಹಾಕಿ ನೋಡಿ.